ಸೀತು ತಂದ ಸೀಟು

ನಾವುಂದದ ಪದ್ದು ಎಂದರೆ ಸಮಾಧಾನದ ಹೆಂಗಸು ಎಂದೇ ಊರಿನವರ ಲೆಕ್ಕ. ಗದ್ದೆಯ ಅಂಚಿನ ತಕರಾರಿಗೆ ಹೋದವಳಲ್ಲ, ಮದುವೆಮನೆಯಲ್ಲಿ ಇನ್ನೊಬ್ಬಳ ಸರ ನೋಡಿ ಮೂಗು ಮುರಿದವಳಲ್ಲ. ನೆರೆಮನೆಯವರು ಎರಡಂತಸ್ತಿನ ಮನೆ ಕಟ್ಟಿದಾಗ ಮನೆಯೊಕ್ಕಲಿನ ಅಡುಗೆಗೆ ಎಲ್ಲರಿಗಿಂತ ಮೊದಲು ಹೋಗಿ ಕಾಯಿ ತುರಿಯಲು ಕೂತವಳು ಅವಳೇ. ಅಂಥ ಪದ್ದುವಿಗೂ ಒಬ್ಬರ ಮೇಲೆ ಹೊಟ್ಟೆಕಿಚ್ಚಿತ್ತು. ಅದು ಸ್ವಂತ ತಂಗಿ ಸೀತುವಿನ ಮೇಲೆ. ಹೊರಗಿನವರಿಗೆ ಅದರ ಸುಳಿವಿರಲಿಲ್ಲ. ಪದ್ದುವಿಗೇ ಅದು ಸರಿಯಾಗಿ ಅರಿವಾದದ್ದು ಸೀತು ದೊಡ್ಡದೊಂದು ರಟ್ಟಿನ ಪೆಟ್ಟಿಗೆಯ ಜೊತೆ ಬೈಂದೂರು ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದ ಮೇಲೆ.

ಪದ್ದುವಿನ ಮದುವೆ ಚಿಕ್ಕ ವಯಸ್ಸಿನಲ್ಲೇ ಆಗಿತ್ತು. ಎರಡನೆಯ ಮಳೆಗಾಲ ಬರುವುದರೊಳಗೆ ಗಂಡ ಕಾಮಾಲೆಯಾಗಿ ತೀರಿಕೊಂಡ. ಅವಳು ತವರಿಗೆ ಬಂದಳು. ಹೆಣ್ಣುಮಕ್ಕಳ ಕಡೆಯಿಂದ ನಡೆದುಬಂದ ಮನೆ, ಹಾಗಾಗಿ ಯಾಕೆ ಬಂದೆ ಎಂದು ಕೇಳುವವರಿರಲಿಲ್ಲ. ಗದ್ದೆ, ದನದ ಹಟ್ಟಿ, ತೆಂಗಿನಮರ ಎಲ್ಲ ಅವಳ ಪಾಲಿಗೆ ಬಂದವು. ಸೀತುವಿನ ಪಾಲಿಗೆ ಮುಂಬಯಿ ಬಂತು. ಅವಳ ಗಂಡ ಭೋಜರಾಜ ಅಲ್ಲಿ ಹೋಟೆಲು ನಡೆಸುತ್ತಿದ್ದ. ಮೊದಲ ಬಾಣಂತನಕ್ಕೆ ಊರಿಗೆ ಬಂದ ಸೀತು ವಾಪಸು ಹೋಗುವಾಗ ಮಗು ನಿತೇಶನನ್ನು ಅಕ್ಕನ ಮಡಿಲಿಗೆ ಹಾಕಿದಳು. ಹೋಟೆಲಿನ ಹಿಂದಿನ ಒಂದು ಕೋಣೆಯಲ್ಲಿ ಸಂಸಾರ. ಕಿಟಕಿ ತೆರೆದರೆ ಒಲೆಯ ಹೊಗೆಯೇ ಒಳಗೆ ಬರುತ್ತಿತ್ತು.

"ಒಂದ್ ವರ್ಷದ್ ಮಟ್ಟಿಗೆ ಅಕ್ಕ. ರೂಮ್ ಸಿಕ್ಕಿದ್ ಕೂಡ್ಲೇ ಬಂದ್ ಕರ್ಕಂಡ್ ಹೋತೆ," ಎಂದಿದ್ದಳು.

ರೂಮು ಸಿಕ್ಕಿತು. ಆದರೆ ಅಷ್ಟರಲ್ಲಿ ಎರಡನೆಯವಳು ಅನಿಷಾ ಹುಟ್ಟಿದ್ದಳು, ಹೋಟೆಲು ದೊಡ್ಡದಾಗಿತ್ತು, ನಿತೇಶ ಇಲ್ಲಿಯ ಶಾಲೆಗೆ ಹೋಗತೊಡಗಿದ್ದ. ಹಾಗೇ ಉಳಿದುಹೋದ. ಪದ್ದುವನ್ನು ಹೆತ್ತ ತಾಯಿಯನ್ನು ಕರೆಯುವಂತೆ ಅಬ್ಬಿ ಎಂದು ಕರೆದ. ರಜೆಯಲ್ಲಿ ಹೊಸ ಅಂಗಿ, ಬಣ್ಣದ ಪೆನ್ಸಿಲು ತರುತ್ತಿದ್ದ ಸೀತುವನ್ನು ಬೊಂಬಾಯಿ ಅಮ್ಮ ಎಂದ. ಸೀತು ಬಂದ ಮೊದಲ ಎರಡು ದಿನ ಅವನು ಅವಳ ಹಿಂದೆಯೇ ಸುತ್ತುತ್ತಿದ್ದ. ಆ ಎರಡು ದಿನ ಪದ್ದು ಹಟ್ಟಿಯಲ್ಲಿ ಇಲ್ಲದ ಕೆಲಸ ಹುಡುಕಿ ಮಾಡುತ್ತಿದ್ದಳು. ಮೂರನೆಯ ದಿನ ಅವನಿಗೆ ಜ್ವರವೋ ಹೊಟ್ಟೆನೋವೋ ಬಂದು "ಅಬ್ಬಿ" ಎಂದು ಕೂಗಿದರೆ ಓಡಿಬರುತ್ತಿದ್ದಳು. ಹಾಗೆ ಓಡಿಬರುವಾಗ ಮನಸ್ಸಿನಲ್ಲಿ ಗೆದ್ದ ಖುಷಿಯೂ ಇರುತ್ತಿತ್ತು. ಮಗುವಿಗೆ ಹುಷಾರಿಲ್ಲದಾಗ ಖುಷಿಪಡುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು. ಆದರೂ ಆ ಖುಷಿ ಹೋಗುತ್ತಿರಲಿಲ್ಲ.

ನಿತೇಶ ಬೆಳೆದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ ಹಿಡಿದ. ಕೈ ಹತ್ತಿದ ಮೇಲೆ ನಾಲ್ಕು ಬಾಗಿಲಿನ ಪಿಕಪ್ ತಗೊಂಡ. ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನು ಹೇರುವ ತೊಟ್ಟಿ. ಬ್ರಹ್ಮಾವರದ ದೀಕ್ಷಾಳನ್ನು ಮದುವೆಯಾದ. ಅವಳು ತವರಿನಲ್ಲಿ ಹೆತ್ತಳು, ಹೆಣ್ಣುಮಗು. ತೊಟ್ಟಿಲಿಗೆ ಹಾಕಿ ನಿಶ್ಮಿತಾ ಎಂದು ಹೆಸರಿಟ್ಟರು. ಆವತ್ತು ಪದ್ದು ಮಗುವನ್ನು ಎತ್ತಿಕೊಂಡು ಕೂತವಳು ಊಟಕ್ಕೂ ಏಳಲಿಲ್ಲ. ದೀಕ್ಷಾಳ ತಾಯಿ ಪ್ರಭಾವತಿ ಬಂದು, "ನೀವ್ ಉಣ್ಕಂಡ್ ಬನ್ನಿ, ಮಗು ಎಲ್ಲಿಗೂ ಹೋತಿಲ್ಲೆ," ಎಂದು ನಗುತ್ತ ಎಬ್ಬಿಸಬೇಕಾಯಿತು.

ಬಾಣಂತನ ಮುಗಿದು ತಾಯಿ ಮಗು ನಾವುಂದಕ್ಕೆ ಬರುವ ದಿನ ಗೊತ್ತಾಯಿತು. ಪದ್ದು ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿ ಬಂದಳು. "ಮಗುನ್ ಕರ್ಕಂಡ್ ಬಪ್ಪತ್ತಿಗೆ ನಾನೇ ಹಿಡ್ಕಂಬುದ್. ನಿತೇಶನ್ ಹಿಡ್ಕಂಡದ್ದೂ ನಾನೇ ಅಲ್ದಾ?" ನಿತೇಶನನ್ನು ಕುಂದಾಪುರದ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಕರೆದೊಯ್ದದ್ದು, ಚುಚ್ಚುಮದ್ದಿಗೆ ಕರೆದೊಯ್ದದ್ದು, ಎಲ್ಲ ಮಡಿಲಲ್ಲೇ. ಬಸ್ಸು ಎಷ್ಟು ಕುಲುಕಿದರೂ ಅವನು ನಿದ್ದೆ ಮಾಡುತ್ತಿದ್ದ. ಹಳೆಯ ಎರಡು ಹತ್ತಿ ಸೀರೆ ಒಗೆದು, ಒಣಗಿಸಿ, ಮಗುವನ್ನು ಸುತ್ತಲೆಂದು ಮಡಚಿ ಇಟ್ಟಳು.

ಅಷ್ಟರಲ್ಲಿ ಸೀತು ಬಂದಳು. ಪೆಟ್ಟಿಗೆಯನ್ನು ಮನೆಯ ಚಾವಡಿಯಲ್ಲಿಟ್ಟು, ಕೈಕಾಲು ತೊಳೆಯುವ ಮೊದಲೇ ಅದರ ಟೇಪು ಕಿತ್ತಳು. ಒಳಗಿಂದ ಬೂದುಬಣ್ಣದ, ಬಟ್ಟಲಿನಂಥ ಸೀಟು ಹೊರಬಂತು. ಒಳಗೆ ಮೆತ್ತನೆಯ ಬಟ್ಟೆ, ಹೆಗಲಿಗೆ ಎರಡು ಪಟ್ಟಿ, ಕಾಲಿನ ನಡುವೆ ಒಂದು ಪಟ್ಟಿ, ಎಲ್ಲ ಸೇರುವಲ್ಲಿ ಕೆಂಪು ಗುಂಡಿ.

"ಇದ್ ಎಂತ?" ಎಂದಳು ಪದ್ದು.

"ಮಗುನ್ ಗಾಡಿಯಗೆ ಕೂರ್ಸುಕೆ. ಅನಿಷಾನ್ ಮಗೂಗೂ ಇದೇ ತರದ್ದೇ ಇದ್ದದ್ದ್. ಈಗೆಲ್ಲ ಮಡ್ಲಗೆ ಕೂರ್ಸ್ಕಂಡ್ ಹೋಪುದ್ ಅಲ್ಲ ಅಕ್ಕ. ಬ್ರೇಕ್ ಹಾಕ್ರೆ ಯಾರ್ ಕೈಯಗೂ ನಿಲ್ಲುದಿಲ್ಲೆ ಅಂಬ್ರ್."

ಯಾರ ಕೈಯಲ್ಲೂ ಎಂದಳು ಸೀತು. ಪದ್ದುವಿಗೆ ಅದು ನಿನ್ನ ಕೈಯಲ್ಲಿ ಎಂದೇ ಕೇಳಿತು. ಅವಳು ಒಳಗೆ ಹೋಗಿ ಬಂಗುಡೆ ಮೀನು ತೊಳೆಯಲು ಕೂತಳು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪಿಕಪ್ಪಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಸೀಟು ಕಟ್ಟುವ ಕೆಲಸ ನಡೆಯಿತು. ಸೀತು ಫೋನು ಹಿಡಿದಳು, ಅದರಲ್ಲಿ ಅನಿಷಾ ಮುಂಬಯಿಯಿಂದ ಹೇಳುತ್ತಿದ್ದಳು, ನಿತೇಶ ಒಳಗೆ ಬಗ್ಗಿ ಹೇಳಿದಂತೆ ಮಾಡುತ್ತಿದ್ದ. ಪದ್ದು ಮೀನು ಕೊಯ್ಯುವ ಮೆಟ್ಟುಗತ್ತಿಯನ್ನು ಬೇಕೆಂದೇ ಬಾವಿಕಟ್ಟೆಯ ಹತ್ತಿರ ತಂದು ಇಟ್ಟುಕೊಂಡಳು. ನೋಡಬಾರದು ಎಂದುಕೊಂಡಿದ್ದಳು, ಆದರೆ ಒಂದು ಮಾತೂ ತಪ್ಪದಂತೆ ಕಿವಿ ಅತ್ತಲೇ ಇತ್ತು.

"ಮುಂದಿನ್ ಸೀಟಗೆ ಬ್ಯಾಡ ಅಣ್ಣ, ಅಲ್ಲಿ ಏರ್‌ಬ್ಯಾಗ್ ಇತ್ತ್. ಅದ್ ಬಿಚ್ಚಿರೆ ಮಗುವಿನ್ ತಲಿಗೇ ಹೊಡಿತ್ತ್," ಎಂದಳು ಅನಿಷಾ. ಹಿಂದಿನ ಸಾಲಿನ ನಡುವೆ ಇಡೋಣವೆಂದರೆ ಅಲ್ಲಿ ಸೊಂಟದ ಬೆಲ್ಟ್ ಮಾತ್ರ ಇತ್ತು. ಡ್ರೈವರನ ಹಿಂದೆ ಇಟ್ಟರೆ ನಿತೇಶನ ಉದ್ದ ಕಾಲಿಗೆ ಜಾಗವಿಲ್ಲ. ಕೊನೆಗೆ ಎಡಗಡೆ, ಮುಂದೆ ಕೂರುವವರ ಸೀಟಿನ ಹಿಂದೆ ಎಂದು ತೀರ್ಮಾನವಾಯಿತು. ಮಗುವಿನ ಮುಖ ಗಾಡಿಯ ಹಿಂಬದಿಗೆ ಇರಬೇಕು.

"ಹಿಂದ್ ಮುಂದ್ ಮಾಡಿ ಕೂರ್ಸುದಾ? ರಸ್ತಿ ಕಾಂಬುಕ್ ಬ್ಯಾಡ್ದಾ ಅದ್ಕ್?" ಪದ್ದು ಬಾವಿಕಟ್ಟೆಯಿಂದಲೇ ಕೇಳಿದಳು.

"ಕೂಸಿನ್ ಕುತ್ಗಿ ಗಟ್ಟಿ ಇರುದಿಲ್ಲೆ ದೊಡ್ಡಮ್ಮ," ಎಂದಿತು ಫೋನಿನ ದನಿ. "ಗಾಡಿ ಗಕ್ಕಂತ ನಿಂತ್ರೆ ತಲಿ ಮುಂದಕ್ಕೆ ಹೋತ್ತ್. ಹೀಂಗ್ ಕೂರ್ಸ್ರೆ ಬೆನ್ನೂ ತಲಿಯೂ ಸೀಟಿಗೇ ಒತ್ತ್ಕಂಡ್ ಇರ್ತ್."

ಪದ್ದು ಇನ್ನೊಂದು ಮೀನು ಎತ್ತಿಕೊಂಡಳು.

ಪಿಕಪ್ಪಿನ ಹಿಂದಿನ ಸೀಟಿನ ಒರಗು ನೆಟ್ಟಗೆ. ಹಾಗಾಗಿ ಮಗುವಿನ ಸೀಟು ಮುಂದಕ್ಕೆ ಎದ್ದು ನಿಂತಂತಾಯಿತು. ಸೀಟಿನ ಪಕ್ಕದಲ್ಲಿ ಗೆರೆಯೊಂದಿತ್ತು, ಅದು ನೆಲಕ್ಕೆ ಸಮನಾಗಿರಬೇಕು. ಕೆಳಗೆ ಬಟ್ಟೆ ಇಡಲು ಜೊತೆಗೆ ಬಂದ ಪುಸ್ತಕದಲ್ಲಿ ಒಪ್ಪಿಗೆ ಇದೆಯೆಂದು, ಸೀತು ತೋರಿಸಿದ ಪುಟವನ್ನು ಅನಿಷಾ ಫೋನಿನಲ್ಲೇ ಓದಿ ಹೇಳಿದ ಮೇಲೆ ಟವೆಲ್ಲೊಂದನ್ನು ಬಿಗಿಯಾಗಿ ಸುರುಳಿ ಸುತ್ತಿ ಕೆಳಗಿಟ್ಟು ಗೆರೆ ಸಮ ಮಾಡಿದರು. ಗಾಡಿಯ ಬೆಲ್ಟನ್ನು ಸೀಟಿನ ನೀಲಿ ಗುರುತಿನ ಸಂದಿನಲ್ಲಿ ತೂರಿಸಿ ಬಕಲು ಹಾಕಿದರು. ನಿತೇಶ ಸೀಟಿನ ಮೇಲೆ ಮೊಣಕಾಲೂರಿ ಮೈಭಾರ ಹಾಕಿ ಬೆಲ್ಟನ್ನು ಎಳೆದ. ಎಳೆದದ್ದು ಸಡಿಲವಾಗದಂತೆ ಪಕ್ಕದ ಕ್ಲಿಪ್ಪನ್ನು ಕಚಕ್ಕೆಂದು ಒತ್ತಿದ.

"ಈಗ ಬೆಲ್ಟ್ ಹೋದಲ್ಲಿ ಹಿಡ್ದ್ ಅಲ್ಲಾಡ್ಸಿ ಕಾಣ್," ಎಂದಳು ಅನಿಷಾ. "ಒಂದ್ ಹೆಬ್ಬೆರಳಿಗಿಂತ ಜಾಸ್ತಿ ಅಲ್ಲಾಡುಕಾಗ. ಅಲ್ಲಾಡ್ರೆ ಬಿಚ್ಚಿ ಮತ್ತೆ ಕಟ್ಟ್."

ಸೀಟು ಅಲ್ಲಾಡಲಿಲ್ಲ. ಅದನ್ನು ಹಿಡಿದು ಎಳೆದರೆ ಗಾಡಿಯೇ ಅಲ್ಲಾಡಿತು.

ಆಮೇಲೆ ಸೀತು ಅಕ್ಕಿಯ ಚೀಲವೊಂದನ್ನು ಮಗುವಿನಷ್ಟು ತೂಕಕ್ಕೆ ತುಂಬಿಸಿ, ಅದನ್ನು ಸೀಟಿನಲ್ಲಿಟ್ಟು ಹೆಗಲಪಟ್ಟಿ ಬಿಗಿದು, ಮಗನನ್ನು ಕಡಲಬದಿಯ ರಸ್ತೆಯಲ್ಲಿ ಒಂದು ಸುತ್ತಿಗೆ ಹೊರಡಿಸಿದಳು. ತಾನೂ ಅಕ್ಕಿಚೀಲದ ಪಕ್ಕ ಕೂತು ಹೋದಳು. ಪದ್ದು ಅಂಗಳದಲ್ಲಿ ನಿಂತು ನೋಡಿದಳು. ಕುಚ್ಚಲಕ್ಕಿಯ ಚೀಲ, ಅದು ನಿತೇಶನ ಗಾಡಿಯಲ್ಲಿ ರಾಣಿಯಂತೆ ಕೂತು ಹೋಯಿತು. ನಾನು ಮೀನಿನ ಕೈ ಒರೆಸಿಕೊಳ್ಳುತ್ತ ಇಲ್ಲಿ ನಿಂತಿದ್ದೇನೆ ಎಂದುಕೊಂಡಳು.

ಆ ಸಂಜೆ ಜಾಗದ ಮಾತು ಬಂತು. ಹಿಂದೆ ಎಡಕ್ಕೆ ಸೀಟು, ಬಲಕ್ಕೆ ದೀಕ್ಷಾ. ನಡುವೆ, ಮಗುವಿಗೆ ತಾಗಿ ಕೂರುವವರು ಯಾರು?

"ನಾನ್ ಕೂಕಂತೆ," ಎಂದಳು ಸೀತು. "ಆ ಪಟ್ಟಿ ಗಿಟ್ಟಿ ನಂಗ್ ಗೊತ್ತಿತ್ತಲ್ದಾ. ನೀ ಮುಂದ್ ಕೂಕೋ ಅಕ್ಕ, ಗಾಳಿ ಬತ್ತ್."

ಮಗುವಿನ ಸೀಟಿಗೆ ಜಾಗ ಮಾಡಲು ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಿದ್ದರು. ಅಲ್ಲಿ ಕೂತರೆ ಮೊಣಕಾಲು ಎದುರಿಗೆ ತಾಗುತ್ತಿತ್ತು. "ನಂಗೆ ಎಲ್ಲ್ ಕೂಕಂಡ್ರೂ ಆತ್ತ್," ಎಂದಳು ಪದ್ದು. ಒಗೆದು ಮಡಚಿಟ್ಟ ಸೀರೆಗಳನ್ನು ಕಪಾಟಿನೊಳಗೆ ತಳ್ಳಿ ಬಾಗಿಲು ಹಾಕಿದಳು.

ಹೊರಡುವ ಹಿಂದಿನ ದಿನ ನಿತೇಶನಿಗೆ ಕೋಟೇಶ್ವರದಲ್ಲಿ ಒಂದು ನಿಶ್ಚಿತಾರ್ಥದ ಕೆಲಸವಿತ್ತು. ಹೂವಿನ ಸ್ಟ್ಯಾಂಡುಗಳು ತೊಟ್ಟಿಯಲ್ಲಿ ಹಿಡಿಸದೆ ಹಿಂದಿನ ಸೀಟಿನಲ್ಲಿಯೂ ತುಂಬಬೇಕಾಗಿ, ಮಗುವಿನ ಸೀಟನ್ನು ಬಿಚ್ಚಿ ಚಾವಡಿಯಲ್ಲಿಟ್ಟು ಹೋದ. ಸಂಜೆ ದಣಿದು ಬಂದು ಸ್ನಾನಕ್ಕೆ ಹೋದ. "ನೀ ಬಪ್ಪುದ್ ಬ್ಯಾಡ ಮಗ, ನಾನೇ ಕಟ್ತೆ," ಎಂದು ಸೀತು ಸೀಟನ್ನು ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಕೈ ಕೊಡವುತ್ತ ಬಂದು, "ಇಷ್ಟೇ ಕೆಲ್ಸ," ಎಂದಳು.

ಅವಳು ಒಳಗೆ ಹೋದ ಮೇಲೆ ಪದ್ದು ಅಂಗಳಕ್ಕೆ ಇಳಿದಳು. ಯಾಕೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಬಾಗಿಲು ತೆರೆದು ನೋಡಿದಳು. ಯಾರೂ ಇಲ್ಲದಾಗ ಆ ಸೀಟನ್ನು ಒಮ್ಮೆ ಮುಟ್ಟಬೇಕೆನಿಸಿತ್ತು. ಅದರ ಅಂಚಿಗೆ ಕೈಯಿಟ್ಟು ಸುಮ್ಮನೆ ನೂಕಿದಳು. ಸೀಟು ಗೇಣಿನಷ್ಟು ಆಚೆ ಹೋಯಿತು. ಎಳೆದರೆ ಗೇಣಿನಷ್ಟು ಈಚೆ ಬಂತು. ಬೆಲ್ಟೇನೋ ಸಂದಿನಲ್ಲಿ ಹೋಗಿತ್ತು, ಬಕಲೂ ಬಿದ್ದಿತ್ತು. ಪಕ್ಕದ ಕ್ಲಿಪ್ಪು ಮಾತ್ರ ಬಾಯಿ ತೆರೆದುಕೊಂಡಿತ್ತು.

ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಬಾಯಿಯವರೆಗೆ ಬಂದದ್ದೂ ಹೌದು. ಆದರೆ ಅದೇ ಕ್ಷಣದಲ್ಲಿ ಅವಳಿಗೆ ನಾಳೆಯ ಚಿತ್ರ ಕಂಡಿತು. ಬ್ರಹ್ಮಾವರದ ಅಂಗಳ, ಪ್ರಭಾವತಿ, ಅಕ್ಕಪಕ್ಕದವರು. ಎಲ್ಲರ ಎದುರು ಸೀತು ಮಗುವನ್ನು ಸೀಟಿನಲ್ಲಿ ಇಡುತ್ತಾಳೆ, ಅದು ಓಲಾಡುತ್ತದೆ. ಇದೆಂಥ ಕಟ್ಟಿದ್ದು ಎಂದು ಪ್ರಭಾವತಿ ಕೇಳುತ್ತಾಳೆ. ಸೀತುವಿನ ಮುಖ ಸಣ್ಣದಾಗುತ್ತದೆ. ಸೀಟು ಹಿಂದಿನ ತೊಟ್ಟಿಗೆ ಹೋಗುತ್ತದೆ, ಮಗು ತನ್ನ ಮಡಿಲಿಗೆ ಬರುತ್ತದೆ. ಅಷ್ಟೇ ತಾನೆ? ಅಲ್ಲಿಯೇ ಎಲ್ಲರ ಕಣ್ಣಿಗೆ ಬೀಳುವ ತಪ್ಪು, ಅದರಿಂದ ಮಗುವಿಗೇನೂ ಆಗುವುದಿಲ್ಲ ಎಂದುಕೊಂಡಳು. ಸದ್ದಾಗದಂತೆ ಬಾಗಿಲು ಹಾಕಿ ಒಳಗೆ ಬಂದಳು. ಊಟದ ಹೊತ್ತಿಗೆ ಸೀತು, "ಎಂತಕ್ಕಾ ಸುಮ್ನೆ ಇದ್ದೆ?" ಎಂದರೆ, "ಎಂತ ಇಲ್ಲೆ," ಎಂದಳು.

ಬ್ರಹ್ಮಾವರದಲ್ಲಿ ಅವಳು ಎಣಿಸಿದ್ದು ಯಾವುದೂ ನಡೆಯಲಿಲ್ಲ. ಊಟ ಮುಗಿಯಿತು, ಹೂವು ಮುಡಿಸಿದ್ದಾಯಿತು, ಪ್ರಭಾವತಿ ಕಣ್ಣು ಒರೆಸಿಕೊಂಡಳು. ನಿಶ್ಮಿತಾ ಹಾಲು ಕುಡಿದು ನಿದ್ದೆ ಹೋಗಿತ್ತು. ಸೀತು ಮಗುವನ್ನು ಹೂವಿಟ್ಟಂತೆ ಸೀಟಿನಲ್ಲಿಟ್ಟು, ಹೆಗಲ ಮೇಲೆ ಪಟ್ಟಿ ತಂದು, ಗುಂಡಿ ಹಾಕಿ, ಪಟ್ಟಿಯಲ್ಲಿ ಚಿವುಟುವಷ್ಟು ಸಡಿಲ ಉಳಿದಿದೆಯೋ ಎಂದು ನೋಡಿ ಬಿಗಿದಳು. ಅಷ್ಟನ್ನೂ ಅನಿಷಾ ಹೇಳಿದ ಹಾಗೆಯೇ ಮಾಡಿದಳು. ನಿದ್ದೆಗೆಡುತ್ತದೆಂದು ಸೀಟನ್ನು ಮಾತ್ರ ಯಾರೂ ಅಲ್ಲಾಡಿಸಲಿಲ್ಲ.

"ಎಷ್ಟ್ ಲಾಯ್ಕಿತ್ತ್ ಕಾಣಿ! ಅಜ್ಜಿ ಬೊಂಬಾಯಿಂದ ತಂದದ್ದ್," ಎಂದಳು ಪ್ರಭಾವತಿ ನೆರೆಯವರಿಗೆ. ಎಲ್ಲರೂ ಸೀತುವನ್ನು ನೋಡಿದರು. ಬಾಗಿಲು ಮುಚ್ಚಿತು. ಗಾಡಿ ಹೊರಟಿತು.

ಪದ್ದು ಮುಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಕೂತಿದ್ದಳು. ಸೀತುವಿಗೆ ಆಗಬೇಕಿದ್ದ ಅವಮಾನ ಆಗಲಿಲ್ಲ. ಈಗ ಸಡಿಲ ಸೀಟು, ಅದರಲ್ಲಿ ಮಗು, ಮುಂದೆ ಹೆದ್ದಾರಿ. ಸಾಸ್ತಾನದ ಟೋಲಿನಲ್ಲಿ ಗಾಡಿ ನಿಂತಿತು. ಈಗ ಹೇಳೋಣ ಎಂದುಕೊಂಡಳು. ಹೇಳಿದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಯಾವಾಗ ನೋಡಿದೆ ಎನ್ನುತ್ತಾರೆ. ಗಾಡಿ ಮತ್ತೆ ಹೊರಟಿತು. ಕೋಟದಲ್ಲಿ ಡಿವೈಡರಿನ ಸಂದಿನಿಂದ ಸ್ಕೂಟರೊಂದು ನುಗ್ಗಿತು. ನಿತೇಶ ಸ್ವಲ್ಪ ಬ್ರೇಕ್ ಒತ್ತಿ ಬಿಟ್ಟ. ಪದ್ದುವಿನ ಬೆನ್ನಿಗೆ, ತಾನು ಕೂತ ಸೀಟಿನ ಹಿಂಬದಿಗೆ, ಏನೋ ಮೆಲ್ಲಗೆ ತಾಗಿದಂತಾಯಿತು. ಹಿಂದೆ ಸೀತು ದೀಕ್ಷಾಳಿಗೆ ಮುಂಬಯಿಯ ಮಳೆಯ ಕಥೆ ಹೇಳಿ ನಗುತ್ತಿದ್ದಳು.

ತೆಕ್ಕಟ್ಟೆ ದಾಟಿತು. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸೊಂದು ಹಾರನ್ನು ಒತ್ತುತ್ತ ಬಂದು ಮೈಗೆ ಮೈ ತಾಗಿಸುವಂತೆ ಮುಂದೆ ಹೋಯಿತು. ಪದ್ದುವಿಗೆ ಮತ್ತೆ ತಡೆಯಲಾಗಲಿಲ್ಲ.

"ನಿಲ್ಸ್! ಮಗಾ, ಗಾಡಿ ನಿಲ್ಸ್!"

"ಎಂತಾಯ್ತ್ ಅಬ್ಬಿ? ವಾಂತಿ ಬತ್ತಾ?"

"ಮೊದ್ಲ್ ನಿಲ್ಸ್. ಮೆಲ್ಲ, ಮೆಲ್ಲ ನಿಲ್ಸ್."

ಕೋಟೇಶ್ವರಕ್ಕೆ ಇನ್ನೂ ಸ್ವಲ್ಪ ದೂರವಿತ್ತು. ನಿತೇಶ ಗಾಡಿಯನ್ನು ಸರ್ವಿಸ್ ರಸ್ತೆಗೆ ಇಳಿಸಿ, ಮುಚ್ಚಿದ ಅಂಗಡಿಯೊಂದರ ಮುಂದೆ ನಿಲ್ಲಿಸಿದ. ಪದ್ದು ಇಳಿದು ಹಿಂದಿನ ಬಾಗಿಲು ತೆರೆದು ಸೀಟಿನ ಅಂಚು ಹಿಡಿದು ಎಳೆದಳು. ಮಲಗಿದ್ದ ಮಗುವಿನ ಸಮೇತ ಅದು ಅವಳ ಕಡೆಗೆ ವಾಲಿತು. ದೀಕ್ಷಾ "ಅಯ್ಯೋ" ಎಂದು ಕೈ ಚಾಚಿದಳು.

"ಕ್ಲಿಪ್ ಹಾಕ್ಲಿಲ್ಲೆ," ಎಂದಳು ಪದ್ದು. "ನಿನ್ನೆ ಸಂಜಿಗೇ ಕಂಡಿದ್ದೆ ನಾನ್."

ಕೊನೆಯ ಮಾತನ್ನು ಅವಳು ಹೇಳಬೇಕಾಗಿರಲಿಲ್ಲ. ಈಗ ಗೊತ್ತಾಯಿತು ಎಂದಿದ್ದರೂ ಯಾರೂ ಅನುಮಾನಪಡುತ್ತಿರಲಿಲ್ಲ. ಆದರೆ ವಾಲಿದ ಸೀಟಿನಲ್ಲಿ ಬಾಯಿ ಸ್ವಲ್ಪ ತೆರೆದು ಮಲಗಿದ್ದ ಮಗುವನ್ನು ಕಂಡ ಮೇಲೆ ಅವಳಿಗೆ ಇನ್ನೊಂದು ಸುಳ್ಳು ಹುಟ್ಟಲಿಲ್ಲ.

ನಿತೇಶ ಅವಳನ್ನೇ ನೋಡಿದ. "ನಿನ್ನೆ ಕಂಡ್, ಇಷ್ಟೊತ್ತ್ ಹೇಳ್ಲಿಲ್ಯಾ ಅಬ್ಬಿ?"

"ಇಲ್ಲೆ."

"ಎಂತಕೆ?"

ಉತ್ತರ ಕೊಟ್ಟದ್ದು ಸೀತು. "ನನ್ ಮರ್ಯಾದಿ ಹೋಯ್ಲಿ ಅಂದೇಳಿ. ಅಲ್ದಾ ಅಕ್ಕ? ನಾನ್ ಕಟ್ಟಿದ್ದ್ ಬಿಚ್ಚಿ ಹೋಯ್ಲಿ ಅಂದೇಳಿ. ನನ್ ಮಗ ನಿನ್ನನ್ನೇ ಅಬ್ಬಿ ಅಂದದ್ದ್ ಸಾಕಾಯ್ಲಿಲ್ಯಾ ನಿಂಗೆ?"

ಲಾರಿಗಳು ಸದ್ದು ಮಾಡುತ್ತ ಹೋಗುತ್ತಿದ್ದವು. ಮಗುವಿಗೆ ಎಚ್ಚರವಾಗಿ ಅಳತೊಡಗಿತು. ದೀಕ್ಷಾ ಪಟ್ಟಿ ಬಿಚ್ಚಿ ಮಗುವನ್ನು ಎತ್ತಿಕೊಂಡು ಅಂಗಡಿಯ ನೆರಳಿಗೆ ಹೋದಳು. ಪದ್ದು ಕೈ ಚಾಚಿದ್ದು ಅವಳಿಗೆ ಕಂಡಿತ್ತು. ಕಂಡರೂ ಕೊಡಲಿಲ್ಲ.

ನಿತೇಶ ಒಳಗೆ ಬಗ್ಗಿದ. ಸೀತು ಒಂದು ಬದಿಯಲ್ಲಿ, ಪದ್ದು ಇನ್ನೊಂದು ಬದಿಯಲ್ಲಿ ನಿಂತರು. ಯಾರೂ ಯಾರನ್ನೂ ನೋಡಲಿಲ್ಲ. ಅವನು ಬೆಲ್ಟ್ ಪೂರ್ತಿ ಬಿಚ್ಚಿ, ತಿರುಚಿಕೊಂಡಿದ್ದನ್ನು ಸರಿಮಾಡಿ, ಜಾರಿದ್ದ ಟವೆಲ್ಲನ್ನು ಮತ್ತೆ ಸುತ್ತಿ ಇಟ್ಟ. ಮೊಣಕಾಲೂರಿ ಒತ್ತುವಾಗ, "ಎಳಿ," ಎಂದ, ಯಾರಿಗೆಂದು ಹೇಳದೆ. ಇಬ್ಬರೂ ಕೈ ಹಾಕಿದರು. ಬೆಲ್ಟಿನ ಮೇಲೆ ಅಕ್ಕತಂಗಿಯರ ನಾಲ್ಕು ಕೈ. ಅವನು ಕ್ಲಿಪ್ಪು ಒತ್ತಿದ. ಮೂವರೂ ಒಬ್ಬರಾದ ಮೇಲೊಬ್ಬರು ಅಲ್ಲಾಡಿಸಿ ನೋಡಿದರು. ದೀಕ್ಷಾ ಬಂದು ತಾನೂ ಅಲ್ಲಾಡಿಸಿ ನೋಡಿದಳು, ಆಮೇಲೆ ಮಗುವನ್ನು ಇಟ್ಟಳು. ಈ ಸಲ ಮಗುವಿನ ಪಕ್ಕ ದೀಕ್ಷಾಳೇ ಕೂತಳು. ಸೀತು ಆಚೆ ಕಿಟಕಿಗೆ ಸರಿದಳು.

ಮರವಂತೆಯ ಕಡಲು ಎಡಕ್ಕೆ ಕಾಣುವವರೆಗೂ ದೀಕ್ಷಾ ಸೀಟಿನ ಅಂಚಿನಿಂದ ಕೈ ತೆಗೆಯಲಿಲ್ಲ. ಮನೆಯ ಬಾಗಿಲಲ್ಲಿ ಕೆಂಪು ನೀರಿನ ಆರತಿ ಎತ್ತಬೇಕಾದದ್ದು, ಗಂಡನಿಲ್ಲದಿದ್ದರೂ ಮನೆಯ ಹಿರಿಯಳಾದ ಪದ್ದು. ಅವಳು ತಟ್ಟೆಯನ್ನು ಸೀತುವಿನ ಕೈಗೆ ಕೊಟ್ಟು ಹಟ್ಟಿಯ ಕಡೆ ಹೋದಳು. ಹೆಂಗಸರು, "ಪದ್ದಕ್ಕ ಎಲ್ಲಿ? ನಾನೇ ಹಿಡ್ಕಂಡ್ ಬತ್ತೆ ಅಂತಿದ್ಳ್," ಎಂದು ಕೇಳಿದ್ದು ಹಟ್ಟಿಯವರೆಗೂ ಕೇಳಿಸಿತು.

ಆ ದಿನಗಳು ಪದ್ದುವಿಗೆ ಕಷ್ಟದವು. ನಿತೇಶ ಸಿಟ್ಟಿನವನಲ್ಲ, ನಾಲ್ಕು ದಿನಕ್ಕೆ ಮಾತಾಡಿದ. ದೀಕ್ಷಾ ಮರ್ಯಾದೆ ತಪ್ಪಲಿಲ್ಲ, "ದೊಡ್ಡತ್ತೆ, ಉಂಡ್ರ್ಯಾ?" ಎಂದು ಕೇಳುತ್ತಿದ್ದಳು. ಆದರೆ ಮಗುವನ್ನು ಅವಳ ಹತ್ತಿರ ಬಿಟ್ಟು ಸ್ನಾನಕ್ಕೆ ಹೋಗುತ್ತಿರಲಿಲ್ಲ. ತೊಟ್ಟಿಲು ತೂಗಲು ಸೀತುವನ್ನು ಕರೆಯುತ್ತಿದ್ದಳು. ಒಳಕೋಣೆಯಿಂದ ಸೀತುವಿನ ಜೋಗುಳ ಕೇಳಿದರೆ ಪದ್ದುವಿಗೆ ಎದೆಯಲ್ಲಿ ಹಳೆಯ ಕಿಚ್ಚು ಏಳುತ್ತಿತ್ತು. ಏನೂ ಕಡಿಮೆಯಾಗಿರಲಿಲ್ಲ. ಈಗ ಅದರ ಜೊತೆ ಹೆದರಿಕೆಯೂ ಸೇರಿತ್ತು. ಆ ಬಸ್ಸು ಮೈಮೇಲೆ ಬಂದದ್ದು ಕಣ್ಣು ಮುಚ್ಚಿದರೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಸೀತು ಹಟ್ಟಿಯ ಬಾಗಿಲಿಗೆ ಬಂದು ನಿಂತಳು. ಪದ್ದು ದನಕ್ಕೆ ಹುಲ್ಲು ಹಾಕುತ್ತಿದ್ದಳು.

"ಒಂದ್ ಹೇಳ್ತೆ ಅಕ್ಕ, ಕೇಣ್," ಎಂದಳು ಸೀತು. "ಆ ಸೀಟ್ ನಾನ್ ಎಂತಕ್ ತಂದದ್ ಗೊತ್ತಿತ್ತಾ? ಮಗುವಿಗೆ ಒಳ್ಳೇದ್, ಅದ್ ಹೌದ್. ಆದ್ರೆ ನೀ ಮಗು ಹಿಡ್ಕಂಡ್ ಮುಂದ್ ಕೂಕಂಡ್, ನಾನ್ ಹಿಂದಿಂದ ಕಾಂತಾ ಬಪ್ಪುದ್, ಅದ್ ನಂಗ್ ಬ್ಯಾಡ ಆಗಿತ್ತ್. ನಿತೇಶಂದ್ ಹಾಂಗೇ ಕಂಡದ್ದ್ ಸಾಕಾಯ್ತ್. ಎರಡ್ ದಿನ ನನ್ ಹತ್ರ ಬತ್ತಿದ್ದ, ಮೂರ್ನೇ ದಿನ ನಿನ್ ಸೆರಗಿಗೆ ಹೋತಿದ್ದ."

ಪದ್ದುವಿನ ಕೈಯಲ್ಲಿ ಹುಲ್ಲು ಹಾಗೇ ನಿಂತಿತು. ತಂಗಿಗೂ ಹೀಗಿರಬಹುದು ಎಂದು ಅವಳು ಒಂದು ದಿನವೂ ಎಣಿಸಿರಲಿಲ್ಲ. ಮುಂಬಯಿ ಇದ್ದವಳಿಗೆ, ಗಂಡ ಇದ್ದವಳಿಗೆ, ಹೋಟೆಲು ಇದ್ದವಳಿಗೆ ತನ್ನ ಹತ್ತಿರ ಆಸೆಪಡುವಂಥದ್ದೇನಿದೆ?

"ಆದ್ರೂ ನೀ ಮಾಡಿದ್ದ್ ತಪ್ಪೇ," ಎಂದಳು ಸೀತು. "ಅದನ್ ನಾನ್ ಮರೂದಿಲ್ಲೆ."

"ಮರೂದ್ ಬ್ಯಾಡ," ಎಂದಳು ಪದ್ದು.

ಅದಕ್ಕಿಂತ ಹೆಚ್ಚು ಅವರು ಮಾತಾಡಲಿಲ್ಲ. ಸೀತು ಒಳಗೆ ಬಂದು ಉಳಿದ ಹುಲ್ಲನ್ನು ಎತ್ತಿ ಕರುವಿನ ಮುಂದೆ ಹಾಕಿದಳು. ಸಗಣಿ ಮೆಟ್ಟಿ ಚಪ್ಪಲಿ ಹಾಳಾಯಿತೆಂದು ಗೊಣಗುತ್ತ ಹೋದಳು.

ಚುಚ್ಚುಮದ್ದಿಗೆ ಕುಂದಾಪುರಕ್ಕೆ ಹೋಗುವ ದಿನ ಬಂತು. ಪದ್ದು ತಾನೂ ಬರುತ್ತೇನೆ ಎನ್ನಲಿಲ್ಲ. ಬೆಳಿಗ್ಗೆ ಮಾತ್ರ ಯಾರೂ ಹೇಳದೆಯೇ ಅಂಗಳಕ್ಕೆ ಇಳಿದು, ಸೀಟನ್ನು ಹಿಡಿದು ಅಲ್ಲಾಡಿಸಿ, ಗೆರೆ ಸಮ ಇದೆಯೋ ಎಂದು ಬಗ್ಗಿ ನೋಡಿ, "ಸಮ ಇತ್ತ್," ಎಂದು ದೀಕ್ಷಾಳಿಗೆ ಹೇಳಿ ಹೋದಳು. ದೀಕ್ಷಾ ಇನ್ನೊಮ್ಮೆ ತಾನೇ ನೋಡಿ ಮಗುವನ್ನು ಕೂರಿಸಿದಳು. ಮುಂದಿನ ಸಲವೂ ಹಾಗೇ ಆಯಿತು.

ಸೀತು ಮುಂಬಯಿಗೆ ಹೊರಟದ್ದು ಚಳಿ ಕಡಿಮೆಯಾದ ಮೇಲೆ. ಭೋಜರಾಜನಿಗೆ ಮಂಡಿನೋವು, ಅನಿಷಾ ತನ್ನ ಗಂಡನ ಮನೆಯಲ್ಲಿ, ಅವನನ್ನು ನೋಡುವವರಿಲ್ಲ. ಬೈಂದೂರು ಸ್ಟೇಷನ್ನಿಗೆ ಎಲ್ಲರೂ ಪಿಕಪ್ಪಿನಲ್ಲಿ ಬಂದರು. ಗಾಡಿ ನಿಲ್ಲಿಸಲು ಸರಿಯಾದ ಜಾಗವಿಲ್ಲದೆ ನಿತೇಶ ಹೊರಗೇ ತಾಯಿಗೆ ಕೈ ಮುಗಿದು ಅದರ ಹತ್ತಿರ ಉಳಿದ. ಪ್ಲಾಟ್‌ಫಾರಮ್ಮಿನಲ್ಲಿ ಅಕ್ಕತಂಗಿ ಒಂದೇ ಬೆಂಚಿನಲ್ಲಿ ಕೂತರು, ದೀಕ್ಷಾ ಮಗುವನ್ನು ಎತ್ತಿಕೊಂಡು ಅತ್ತಿತ್ತ ನಡೆದಾಡಿದಳು.

"ಸೀತು," ಎಂದಳು ಪದ್ದು. "ಭೋಜರಾಜನ್ನ ಕರ್ಕಂಡ್ ಇಲ್ಲೇ ಬಂದ್ ಇರುಕ್ ಆತಿಲ್ಯಾ ನಿಂಗೆ?"

ಸೀತು ತಿರುಗಿ ನೋಡಿದಳು. "ಇಷ್ಟ್ ವರ್ಷದಗೆ ಈಗ ಕೇಂತೆ ನೀನ್."

"ಹೌದ್. ಈಗ ಕೇಂತಿದ್ದೆ."

ಅಷ್ಟರಲ್ಲಿ ರೈಲು ಬಂತು. ಡಬ್ಬಿ ಹುಡುಕುವ ಗಡಿಬಿಡಿಯಲ್ಲಿ ಅವಳ ಚೀಲವೊಂದು ಬೆಂಚಿನ ಮೇಲೇ ಉಳಿಯಿತು. ದೀಕ್ಷಾ, "ಹ್ವಾಯ್ ಅತ್ತೆ, ಚೀಲ!" ಎಂದು ಕೂಗಿ, ಮಗುವನ್ನು ಪಕ್ಕದಲ್ಲಿದ್ದ ಪದ್ದುವಿನ ಕೈಗೆ ಹಾಕಿ, ಚೀಲ ಹಿಡಿದು ಓಡಿದಳು. ಯೋಚಿಸಿ ಮಾಡಿದ್ದಲ್ಲ, ಹತ್ತಿರ ಇದ್ದವರ ಕೈಗೆ ಕೊಟ್ಟದ್ದು. ಪದ್ದುವಿಗೂ ಅದು ಗೊತ್ತಾಯಿತು. ರೈಲಿನ ಸದ್ದಿಗೆ ಬೆಚ್ಚಿದ ಮಗು ಅವಳ ರವಿಕೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತು. ಕಿಟಕಿಯ ಸರಳಿನ ಹಿಂದಿನಿಂದ ಸೀತು ಇಬ್ಬರನ್ನೂ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ಪದ್ದುವಿಗೆ ಚೆನ್ನಾಗಿ ತಿಳಿಯಿತು. ಅವಳು ಮಗುವನ್ನು ಕಿಟಕಿಯ ಹತ್ತಿರಕ್ಕೆ ತಂದಳು. ಸೀತು ಸರಳಿನ ಸಂದಿನಿಂದ ಬೆರಳು ಹಾಕಿ ಅದರ ಕೆನ್ನೆ ಮುಟ್ಟಿದಳು. ರೈಲು ಹೊರಡುವವರೆಗೂ ಪದ್ದು ಅಲ್ಲೇ ನಿಂತಳು.

ದೀಕ್ಷಾ ಏದುಸಿರು ಬಿಡುತ್ತ ಬಂದಳು. ಮಗುವನ್ನು ತಗೊಳ್ಳಲು ಕೈ ಚಾಚಿದವಳು, ಅದು ಪದ್ದುವಿನ ಹೆಗಲ ಮೇಲೆ ತಲೆಯಿಟ್ಟಿರುವುದನ್ನು ಕಂಡು ಕೈ ಇಳಿಸಿದಳು.

"ಪೇಟಿಯಗೆ ಮೀನ್ ಸಿಕ್ತಾ ಕಾಂಬ ದೊಡ್ಡತ್ತೆ," ಎಂದಳು. "ಇವ್ರಿಗ್ ಬೆಳಿಗ್ಗಿಂದ ಬಂಗುಡಿ ಬೇಕ್ ಅಂಬ್ರ್."

ಮೂವರೂ ಗಾಡಿಯ ಕಡೆಗೆ ನಡೆದರು.